ಊಟದ ಬಿಡುವಿನಲ್ಲಿ ಬರೆದವಳು

ನಮ್ಮ ಅತ್ತಿಗೆಯನ್ನು ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಕಾಜಾ ಅಕ್ಕ ಅಂತ. ಅಂಗಿಗೆ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದೇ ಕಾಜಾ. ಹದಿನಾರು ವರ್ಷ ಅದನ್ನೇ ಹೊಲಿದವಳಿಗೆ ನಲವತ್ತೊಂದರಲ್ಲಿ ಕಥೆ ಬರೆಯುವ ಹುಚ್ಚು ಹಿಡಿಯಿತು.

ಗ್ರಂಥಾಲಯದಲ್ಲಿ ಭಾನುವಾರ ಕಥೆ ಬರೆಯುವುದನ್ನು ಹೇಳಿಕೊಡುತ್ತಾರೆಂದು ಕೇಳಿ ಹೋದಳು. ಕಲಿಸುವವರು ನಿವೃತ್ತ ಮೇಷ್ಟ್ರು. “ಬರೆಯೋಕೆ ಏಕಾಂತ ಬೇಕಮ್ಮ. ದಿನಕ್ಕೆ ಮೂರ್ನಾಲ್ಕು ಗಂಟೆ ಬಿಡುವಾದರೂ ಬೇಕು,” ಎಂದರಂತೆ.

“ನನಗಿರೋದು ಇಪ್ಪತ್ತು ನಿಮಿಷ ಸಾರ್, ಊಟದ್ದು. ಅಷ್ಟರಲ್ಲಿ ಹೇಗೆ ಬರೆಯೋದು ಅಂತ ಹೇಳಿಕೊಡಿ.”

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟಳು.

ಮರುದಿನವೇ ಶುರು. ಐದು ನಿಮಿಷದಲ್ಲಿ ಊಟ ಗಬಗಬ ಮುಗಿಸಿ, ಉಳಿದ ಹದಿನೈದು ನಿಮಿಷ ಬಟ್ಟೆ ಕತ್ತರಿಸುವ ನಕ್ಷೆ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದಳು. ನಿಯಮಗಳನ್ನೂ ತಾನೇ ಮಾಡಿಕೊಂಡಳು. ಕಣ್ಣಾರೆ ಕಂಡದ್ದು ದಿನಕ್ಕೊಂದು ಬರಲೇಬೇಕು. ‘ಅವಳಿಗೆ ದುಃಖವಾಯಿತು’ ಅಂತ ಬರೆಯುವ ಹಾಗಿಲ್ಲ, ಆಗ ಅವಳ ಕೈ ಏನು ಮಾಡುತ್ತಿತ್ತು ಅದನ್ನು ಬರೆಯಬೇಕು. ಗಂಟೆ ಹೊಡೆದಾಗ ವಾಕ್ಯ ಅರ್ಧಕ್ಕಿದ್ದರೆ ಹಾಗೇ ಬಿಟ್ಟೇಳುತ್ತಿದ್ದಳು. “ನಾಳೆ ಎಲ್ಲಿಂದ ಶುರು ಮಾಡಲಿ ಅಂತ ತಡಕಾಡೋದು ತಪ್ಪುತ್ತೆ,” ಅನ್ನುತ್ತಿದ್ದಳು.

ಭಾನುವಾರ ನಾನು ಬಟ್ಟೆ ಒಗೆಯುವಾಗ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. “ಚೆನ್ನಾಗಿದೆ ಅನ್ನಬೇಡ. ಎಲ್ಲಿ ಬೇಜಾರಾಯ್ತು, ಅಷ್ಟು ಹೇಳು.”

ನಾನೋ ಬಾಯಿ ಬಿಗಿಹಿಡಿಯುವವಳಲ್ಲ. “ಎರಡು ಪುಟ ಬರೀ ಆಕಾಶ, ಮೋಡ, ಗಾಳಿ. ಮನುಷ್ಯರು ಯಾವಾಗ ಬರ್ತಾರೆ ಅತ್ತಿಗೆ?” ಎಂದೆ. ಮುಖ ಊದಿಸಿಕೊಂಡಳು. ಮೂರನೇ ದಿನ ಆ ಎರಡೂ ಪುಟ ಕಸದ ಬುಟ್ಟಿಯಲ್ಲಿದ್ದವು.

ಹಾಗೆ ತಿದ್ದಿ ತಿದ್ದಿ ಒಂದು ಕಥೆ ಆಯಿತು. ಬಸುರಿಯೊಬ್ಬಳು ಶೌಚಾಲಯಕ್ಕೆ ಹೋಗಿಬರುತ್ತೇನೆ ಎಂದರೆ ಸೂಪರ್‌ವೈಸರ್ ಬಿಡುವುದಿಲ್ಲ. ಅವಳು ಮಿಷಿನ್ ಆರಿಸಿ ಎದ್ದು ನಡೆದೇಬಿಡುತ್ತಾಳೆ. ಅಷ್ಟೇ ಕಥೆ. ಹಾಳೆಗಳು ಹೇಗೋ ಅತ್ತಿಗೆಯ ಸೂಪರ್‌ವೈಸರ್ ಕೈಗೆ ಸಿಕ್ಕವು. ಗಾಜಿನ ಕೋಣೆಗೆ ಕರೆಸಿದ.

“ನನ್ನ ಬಗ್ಗೆ ಬರೀತೀಯಾ? ಹರಿದುಹಾಕು.”

“ಹೆಸರೇ ಇಲ್ಲವಲ್ಲ ಸಾರ್. ನೀವೇ ಅಂತ ಹೇಗೆ ಗೊತ್ತಾಯ್ತು?”

ಅವನೇ ಹರಿದ. ಅತ್ತಿಗೆಯನ್ನು ಕಾಜಾ ಮಿಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ವಿಭಾಗಕ್ಕೆ ಹಾಕಿದ. ದಿನವಿಡೀ ನಿಂತು ಮಾಡುವ ಕೆಲಸ. ಕಾಲು ಬಾತುಕೊಂಡವು. ನೋವಿಗೆ ಅತ್ತಳು, ಸುಳ್ಳೇಕೆ ಹೇಳಲಿ. ಆದರೆ ಒಂದು ತಿಂಗಳಲ್ಲಿ ಕಥೆಯನ್ನು ನೆನಪಿನಿಂದಲೇ ಮತ್ತೆ ಬರೆದಳು. ಮೊದಲಿನದಕ್ಕಿಂತ ಚಿಕ್ಕದು, ಚುರುಕಾದದ್ದು. “ನೆನಪಿಗೆ ಬಾರದ್ದೆಲ್ಲ ಬೇಡದ್ದೇ ಇತ್ತು ಕಣೇ. ಅವನು ಹರಿದು ಉಪಕಾರ ಮಾಡಿದ,” ಎಂದು ನಕ್ಕಳು.

ವಾರಪತ್ರಿಕೆಗೆ ಕಳಿಸಿದಳು. ಕಥೆ ಹಿಡಿಸಿತು, ಕೊನೆಗೆ ಸೂಪರ್‌ವೈಸರ್ ಪಶ್ಚಾತ್ತಾಪ ಪಡುವಂತೆ ಮಾಡಿದರೆ ಹಾಕುತ್ತೇವೆ ಎಂದು ಸಂಪಾದಕರು ಬರೆದರು. ನಮ್ಮಣ್ಣ ಹಿಗ್ಗಿಹೋದ. “ಒಂದು ಸಾಲು ತಾನೇ, ಸೇರಿಸಿಬಿಡು. ಹೆಸರು ಅಚ್ಚಾಗುತ್ತೆ.”

“ಅವನು ಪಶ್ಚಾತ್ತಾಪ ಪಟ್ಟ ದಿನ ಸೇರಿಸ್ತೀನಿ,” ಎಂದಳು ಅತ್ತಿಗೆ. ಸಂಪಾದಕರಿಗೂ ಅದನ್ನೇ ಬರೆದು ಹಾಕಿದಳು.

ಅವರು ಹಾಕಲಿಲ್ಲ. ಅದೇ ಕಥೆ ಇನ್ನೂ ಐದು ಕಡೆ ಹೋಯಿತು. ಮೂರು ಕಡೆಯಿಂದ ವಾಪಸ್ ಬಂತು, ಒಂದು ಕಡೆಯಿಂದ ಸುದ್ದಿಯೇ ಇಲ್ಲ. ಹನ್ನೊಂದು ತಿಂಗಳಾದ ಮೇಲೆ ಯಾರೂ ಕೇಳಿರದ ಸಣ್ಣ ಮಾಸಿಕವೊಂದು ಒಂದಕ್ಷರ ಬದಲಿಸದೆ ಅಚ್ಚುಹಾಕಿತು. ಒಂದೇ ಪ್ರತಿ ಕಾರ್ಖಾನೆಯೆಲ್ಲ ಸುತ್ತಿ, ಅಂಚೆಲ್ಲ ಮುದುರಿ, ಮಿಷಿನ್ ಎಣ್ಣೆ ಬಳಿದುಕೊಂಡು ಮನೆಗೆ ಬಂತು.

ಆಮೇಲೆ ಕಾರ್ಖಾನೆ ಬಾಗಿಲಿಗೆ ಒಂದು ಫಲಕ ಬಂತು: ಕಾಗದ, ಪೆನ್ನು ಒಳಗೆ ತರಕೂಡದು. ಅತ್ತಿಗೆ ನೇರವಾಗಿ ಮ್ಯಾನೇಜರ್ ಬಳಿ ಹೋಗಿ, “ಊಟದ ಹೊತ್ತು ನಮ್ಮದಾ, ನಿಮ್ಮದಾ? ಸಹಿ ಹಾಕಿ ಬರೆದುಕೊಡಿ,” ಎಂದಳು. ಅವರು ಬರೆದುಕೊಡಲಿಲ್ಲ. ವಾರದೊಳಗೆ ಫಲಕವೂ ಇರಲಿಲ್ಲ.

ಅತ್ತಿಗೆಯನ್ನು ಕಾಜಾ ಮಿಷಿನ್ನಿಗೆ ಇನ್ನೂ ಮರಳಿ ಹಾಕಿಲ್ಲ. ಅವಳೂ ಕೇಳಿಲ್ಲ. ಈಗ ಊಟದ ಕೋಣೆಯ ಮೂಲೆಯ ಮೇಜಿನ ಸುತ್ತ ಆರು ಹೆಂಗಸರು ಕೂತು ಬರೆಯುತ್ತಾರೆ. ಸೂಪರ್‌ವೈಸರ್ ಆ ಕಡೆ ಹಾದುಹೋದರೆ ಒಬ್ಬರೂ ಹಾಳೆ ಮುಚ್ಚುವುದಿಲ್ಲ.