ರೈಲಿಗೆ ಅಡ್ಡಲಾಗಿ ಒಂದು ಕಾಲು

ನಾನು ನಿಂತಿದ್ದದ್ದು ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ, ಊರ ಹೆಸರಿನ ಹಲಗೆಗೆ ಬೆನ್ನು ಮಾಡಿ. ಬೆಳಗಿನ ಪ್ಯಾಸೆಂಜರ್ ರೈಲು ಆಗಷ್ಟೇ ಬಂದು ನಿಂತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂಧುಬಳಗದಲ್ಲಿ ಆಗಲೇ ಹಲವು ಬಗೆಯ ಕಥೆಗಳು ಓಡಾಡುತ್ತಿವೆ.

ಅದು ನಮ್ಮ ತಾಲ್ಲೂಕಿನಾಚೆಯ ಸಣ್ಣ ನಿಲ್ದಾಣ. ಅಲ್ಲಿ ನಿಲ್ಲುವುದು ಬೆಳಗ್ಗೆ ಒಂದು, ಸಂಜೆ ಒಂದು ಗಾಡಿ. ಉಳಿದವು ಹಲಗೆಯನ್ನೂ ಓದದೆ ಓಡುತ್ತವೆ. ನಾವೋ ಜಗಳೂರು ಕಡೆಯ ಬಸ್ಸಿನ ಜನ. ಬಸ್ಸನ್ನು ದೂರದ ನೆಂಟನಂತೆ ಬೈಯುತ್ತೇವೆ, ಕಾಯಿಸುತ್ತೇವೆ. ಮನೆಯವರು ಹಿಂದುಳಿದರೆ ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ನಿಲ್ಲುವುದು ಪದ್ಧತಿ. ಹಾಗೆ ನಿಂತವನನ್ನು ಬಿಟ್ಟು ರೈಟ್ ಎನ್ನುವ ಕಂಡಕ್ಟರ್ ಇನ್ನೂ ಹುಟ್ಟಿಲ್ಲ. ಲೋಕ ಗೆಲ್ಲಲು ತ್ರಿವಿಕ್ರಮನಿಗೆ ಮೂರು ಹೆಜ್ಜೆ ಬೇಕಾಯಿತು. ನಮಗೆ ಒಂದೂವರೆ ಸಾಕು.

ಅಂದು ಅಕ್ಕ-ಭಾವನ ಜೊತೆ ಅವರ ಮಗಳ ಸೀಮಂತಕ್ಕೆ ಹೊರಟಿದ್ದೆ. ಹಾಲಪ್ಪ ಭಾವ ಹಸಿರು ಬಳೆಗಳ ಚೀಲವನ್ನು ಬೋಗಿಯೊಳಗಿಟ್ಟರು. ಗಿರಿಜಕ್ಕ ಇನ್ನೂ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ರೈಲು ಕೂಗಿತು. ಭಾವ ಒಂದು ಕಾಲನ್ನು ಮೆಟ್ಟಿಲಿಗೇರಿಸಿ, ಇನ್ನೊಂದನ್ನು ಪ್ಲಾಟ್‌ಫಾರ್ಮಿನಲ್ಲೇ ಊರಿ, ಹಿಂದಿನ ಗಾರ್ಡಿಗೆ ಕೈ ತೋರಿಸಿದರು.

“ಸ್ವಲ್ಪ ತಡೀರಿ ಸಾಹೇಬ್ರೆ! ನಮ್ಮನೆಯವ್ರು ಬರ್ತಾ ಅದಾರೆ!”

“ಕಾಲು ತೆಗೀರಿ ಯಜಮಾನ್ರೆ!” ಎಂದು ಚಹಾ ಮಾರುವ ಸಿದ್ದೇಶಿ ಕಿರುಚಿದ.

“ತೆಗೆದ್ರೆ ಹೊಂಟೋಗ್ತೈತೆ ಕಣಪ್ಪ!”

ತೆಗೆಯದಿದ್ದರೂ ಹೊರಟಿತು. ಭಾವನ ಎಡಗಾಲು ಪ್ರಯಾಣ ಆರಂಭಿಸಿತ್ತು, ಬಲಗಾಲು ಊರಲ್ಲೇ ಕುಪ್ಪಳಿಸುತ್ತಿತ್ತು.

ಅಕ್ಕ ನೀರಿನ ಬಾಟಲಿ ಎಸೆದು ಓಡಿ ಬಂದಳು. ಒಂದು ಕೈಯನ್ನು ಭಾವನ ಕಾಲರಿಗೆ, ಇನ್ನೊಂದನ್ನು ಧೋತರಕ್ಕೆ ಹಾಕಿ ಜಗ್ಗಿದಳು. ಭಾವ ಪ್ಲಾಟ್‌ಫಾರ್ಮಿಗೆ ಬಿದ್ದರು, ಧೋತರ ಅಕ್ಕನ ಕೈಗೆ ಬಂತು. ಬಳೆಯ ಚೀಲ ಒಂಟಿಯಾಗಿ ಸೀಮಂತಕ್ಕೆ ಹೊರಟಿತು.

“ರೈಲಿಗೆ ಕಾಲು ಕೊಡಾಕೆ ಹೊಂಟಿದ್ರೇನ್ರಿ?”

“ನಿನ್ನ ಬಿಟ್ಟು ಹೆಂಗೆ ಹೋಗ್ಲೆ?” ಎಂದರು ಭಾವ, ಪಟ್ಟೆ ಚಡ್ಡಿಯಲ್ಲಿ ಕೂತು.

ಅಕ್ಕ ಮುಖ ತಿರುಗಿಸಿಕೊಂಡು ಧೋತರ ಚಾಚಿದಳು. ಇಷ್ಟು ವರ್ಷದ ಸಂಸಾರದಲ್ಲಿ ಭಾವ ಅಂಥ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಬಸ್ಸುಗಳೆಲ್ಲ ಕಾಯುತ್ತಿದ್ದವಲ್ಲ.

ಇದನ್ನು ಕಂಡವರಲ್ಲಿ ಸಿದ್ದೇಶಿ ಇದ್ದಾನೆ. ಟಿಕೆಟ್ ಕೊಡುತ್ತಿದ್ದ ಮೇಡಂ ವರ್ಗವಾಗಿದ್ದಾರೆ, ಆದರೆ ಇದ್ದಾರೆ. ಗಿರಿಜಕ್ಕ ಇದ್ದಾಳೆ. ಎರಡೂ ಕಾಲುಗಳ ಸಮೇತ ಭಾವನೂ ಇದ್ದಾರೆ. ಅವರನ್ನು ಮಾತ್ರ ಅಕ್ಕ ಎದುರಿಗಿದ್ದಾಗಲೇ ಕೇಳಿ, ಇಲ್ಲದಿದ್ದರೆ ರೈಲನ್ನೇ ನಿಲ್ಲಿಸಿದೆ ಎನ್ನುತ್ತಾರೆ.