ಹಿಂಬದಿಯ ಕಿಂಡಿ

ಹಳಿಯಾಳದಲ್ಲಿ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್ ಯಾರ ಬಳಿ ಕೆಟ್ಟರೂ ಇನಾಸ ಸಿದ್ದಿಯೇ ಬರಬೇಕು. ಬಂದವನು ಮೊದಲು ಏನನ್ನೂ ಮುಟ್ಟುವುದಿಲ್ಲ, ದನ ಕಾಯಲು ಕೂತವನ ಹಾಗೆ ಸಿಪಿಯು ಡಬ್ಬಿಯ ಮುಂದೆ ಕೂತು ಫ್ಯಾನಿನ ಸದ್ದು ಕೇಳುತ್ತಾನೆ. ನನ್ನ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾದ ಯುಎಸ್‌ಬಿ ವೈರನ್ನು ಡಬ್ಬಿಯ ಮುಂದಿನ ಕಿಂಡಿಗೆ ಚುಚ್ಚಿದರೂ ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದಿಲ್ಲ, ಅಷ್ಟರಲ್ಲಿ ನಾನು ಸಿಟ್ಟಿನಿಂದ ಡಬ್ಬಿಗೆ ಗುದ್ದಿರುತ್ತೇನೆ. "ಅಣ್ಣಾರ, ಮುಂದಿನ ಕಿಂಡಿ ಬೀಗರಿಗೆ ತೋರ್ಸಾಕ ಇರ್ತೈತಿ. ಮನಿ ಮಂದಿ ಹಿತ್ತಲ ಬಾಗಲದಾಗ ಬರ್ಬೇಕು," ಎಂದು ನಗುತ್ತ ವೈರನ್ನು ಹಿಂಬದಿಯ ಕಿಂಡಿಗೆ ಸಿಗಿಸುತ್ತಾನೆ. ಅದಕ್ಕೂ ಬಗ್ಗದಿದ್ದರೆ ಪ್ಲಗ್ಗನ್ನೇ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಒಂದು ಕಪ್ ಚಹಾ ಮುಗಿಯುವವರೆಗೆ ಕಾಯುತ್ತಾನೆ. ಆಗ ಅವನ ಕಣ್ಣು ಕಿಟಕಿಯಾಚೆ ತೇಲಿಹೋಗುತ್ತದೆ. ದೂರದ ಅತ್ತಿವೇರಿ ಪಕ್ಷಿಧಾಮದ ನೀರಿನ ಮೇಲೆ ಹಕ್ಕಿ ಇಳಿಯುವುದು ಅವನಿಗೆ ಇಲ್ಲಿಂದಲೇ ಕಾಣುತ್ತದೆಯೇನೋ ಎನಿಸಿ, ಬೈಯಲು ಬಾಯಿ ತೆರೆದ ನಾನೂ ಅತ್ತಲೇ ನೋಡುತ್ತೇನೆ. ಅವನ ತಾಯಿ ಮೊನಿಕಾ ತೀರಿಕೊಂಡ ಬೆಳಿಗ್ಗೆ ಅವನೇ ಆಕೆಯ ಫೋಟೋ ಕೇಳಿಕೊಂಡು ಸ್ಟುಡಿಯೋಗೆ ಬಂದ. ಹಿಂದಿನ ವಾರ ನಾನು ತೆಗೆದಿದ್ದ, ಆಕೆಯ ಜೀವಮಾನದ ಒಂದೇ ಫೋಟೋ ಕ್ಯಾಮೆರಾದಲ್ಲಿತ್ತು. ಕಂಪ್ಯೂಟರ್ ಎಂದಿನಂತೆ ಕ್ಯಾಮೆರಾವನ್ನು ಕಾಣದೆ ಕೂತಿತ್ತು. ನಾನು ರೇಗಿ ವೈರ್ ಜಗ್ಗಲು ಹೋದೆ. "ಬಿಡ್ರಿ, ಹಂಗ ಜಗ್ಗಿದ್ರ ಫೋಟೋನೂ ಹೋದೀತು," ಎಂದು ಕೈ ಹಿಡಿದ. ಅಂದೂ ಪ್ಲಗ್ ಕಿತ್ತು ಪೂರ್ತಿ ಹೊತ್ತು ಕಾದ. ಕೊನೆಗೆ ತೆರೆಯ ಮೇಲೆ ಅವನವ್ವ ನಕ್ಕಾಗ ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಇನಾಸ ಮೌಸನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದ: "ಮೊದ್ಲ ಕಾಪಿ ಮಾಡ್ಕೋರಿ ಅಣ್ಣಾರ, ಆಮ್ಯಾಲ ಅಳೂಣು."