ಡೊಂಬಿವಲಿಯ ಬಾಣಂತಿಯರ ಸೊಂಟ ನಿಲ್ಲಿಸುವ ನಳಿನಾಕ್ಷಿ

ಬೆಳಗಿನ ಐದು ಮುಕ್ಕಾಲು. ಠಾಣೆಯ ನೌಪಾಡಾದಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟಿನ ಒಳಕೋಣೆ. ಚಾಪೆಯ ಮೇಲೆ ಗಗನಾ ಅಂಗಾತ ಮಲಗಿದ್ದಾಳೆ. ಹೆರಿಗೆಯಾಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದೆ. ಪಕ್ಕದಲ್ಲಿ ಮಂಡಿಯೂರಿ ಕೂತ ನಳಿನಾಕ್ಷಿ ಅಂಗೈಗೆ ಬೆಚ್ಚಗಿನ ತೆಂಗಿನೆಣ್ಣೆ ಸವರಿಕೊಂಡು ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಮಂಡಿ ಮಡಚು ಮಗಾ. ಈಗ ತಲೆ ಮಾತ್ರ ಎತ್ತು. ಅಷ್ಟೇ, ಸಾಕು."

ಗಗನಾ ತಲೆ ಎತ್ತುತ್ತಾಳೆ. ನಳಿನಾಕ್ಷಿಯ ಬೆರಳುಗಳು ಹೊಕ್ಕುಳಿನ ಮೇಲೆ ಅಡ್ಡವಾಗಿ ಇಳಿಯುತ್ತವೆ. ಬಸುರಿನಲ್ಲಿ ಹೊಟ್ಟೆಯ ಎಡ ಬಲದ ಸ್ನಾಯು ಒಂದರಿಂದ ಒಂದು ದೂರ ಸರಿದಿರುತ್ತದೆ. ಆ ಸಂದಿ ಎಷ್ಟು ಬೆರಳಿನದು ಎಂದು ಅವರು ದಿನವೂ ನೋಡುತ್ತಾರೆ. ಮೊದಲ ದಿನ ನಾಲ್ಕು ಬೆರಳು ಹಿಡಿದಿತ್ತು. ಇವತ್ತು ಎರಡೂವರೆ. ಸಂದಿ ಕೂಡಿಕೊಳ್ಳದೆ ಎಷ್ಟು ತೂಕ ಇಳಿಸಿದರೂ ಹೊಟ್ಟೆ ಒಳಗೆ ಹೋಗುವುದಿಲ್ಲ, ಸೊಂಟ ನೋಯುವುದು ನಿಲ್ಲುವುದಿಲ್ಲ. ಇದನ್ನು ನಳಿನಾಕ್ಷಿ ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಅವರ ಓದು ಮೂರನೇ ಕ್ಲಾಸಿಗೇ ನಿಂತಿದೆ.

ಎಣ್ಣೆ ತಿಕ್ಕಿ ಮುಗಿದ ಮೇಲೆ ಸ್ನಾನ. ನೆಕ್ಕಿ ಸೊಪ್ಪು ಹಾಕಿ ಕುದಿಸಿದ ಮೂರು ಬಕೆಟ್ ನೀರು. ಈ ಸೊಪ್ಪನ್ನೇ ಇಲ್ಲಿಯವರು ನಿರ್ಗುಡಿ ಎನ್ನುತ್ತಾರೆ. ಠಾಣೆ ಸ್ಟೇಷನ್ನಿನ ಹೊರಗೆ ಒಬ್ಬ ಮರಾಠಿ ಅಜ್ಜಿ ಮಾರುತ್ತಾಳೆ. ಸ್ನಾನ ಮುಗಿಸಿ ಬಂದ ಬಾಣಂತಿಯನ್ನು ಮತ್ತೆ ಮಲಗಿಸಿ, ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಹರಿದು ಮಾಡಿದ ಪಟ್ಟಿಯಿಂದ ಹೊಟ್ಟೆ ಕಟ್ಟುತ್ತಾರೆ. ಮೊದಲ ಸುತ್ತು ಸೊಂಟದ ಮೂಳೆಯ ಮೇಲೆ, ಮುಂದಿನದು ಅದರ ಮೇಲೆ, ಕೊನೆಯದು ಪಕ್ಕೆಲುಬಿನ ಕೆಳಗೆ. ಪ್ರತಿ ಸುತ್ತಿಗೂ ಬಾಣಂತಿ ಉಸಿರು ಬಿಡಬೇಕು. ಕಟ್ಟಿದ ಮೇಲೆ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ಮೊದಲಿಂದ.

"ಕೆಳಗಿಂದ ಮೇಲೆ. ಮಲಗಿಸಿಯೇ ಕಟ್ಟುದು. ಇದು ಇಷ್ಟೇ ವಿದ್ಯೆ," ಎನ್ನುತ್ತಾರೆ ನಳಿನಾಕ್ಷಿ. "ಇಷ್ಟು ತಪ್ಪಿದರೆ ಎಲ್ಲಾ ಹಾಳು."

ವಯಸ್ಸು ನಲವತ್ತೊಂಬತ್ತು. ದಿನಕ್ಕೆ ನಾಲ್ಕು ಮನೆ: ಠಾಣೆಯಲ್ಲಿ ಒಂದು, ಡೊಂಬಿವಲಿಯಲ್ಲಿ ಎರಡು, ಕಲ್ಯಾಣದಲ್ಲಿ ಒಂದು. ಮನೆಗೆ ಮೂರರಂತೆ ಹನ್ನೆರಡು ಬಕೆಟ್ ಬಿಸಿನೀರು ಎತ್ತಬೇಕು. ನಾಲ್ಕು ತಾಯಂದಿರು, ನಾಲ್ಕು ಶಿಶುಗಳು. ಒಬ್ಬೊಬ್ಬರಿಗೂ ನಲವತ್ತು ದಿನ. ಅದರ ನಡುವೆ ಭಾನುವಾರ ಬಂದರೂ ಒಂದೇ, ದೀಪಾವಳಿ ಬಂದರೂ ಒಂದೇ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಡಿ ಎದ್ದು ನಿಂತ ಹೆಂಗಸರು ಆರೇಳು ನೂರಕ್ಕೆ ಕಡಿಮೆಯಿಲ್ಲ. ಅವರಲ್ಲಿ ಮೈಸೂರು ಬೆಂಗಳೂರಿನಿಂದ ಬಂದ ಬ್ಯಾಂಕಿನವರಿದ್ದಾರೆ, ಐಟಿಯವರಿದ್ದಾರೆ, ಹೋಟೆಲ್ ಮ್ಯಾನೇಜರರ ಹೆಂಡಂದಿರಿದ್ದಾರೆ. ಆಮೇಲೆ ಲೋಕಲ್ ರೈಲಿನಲ್ಲಿ ಎದುರು ಸಿಕ್ಕರೆ ಹೆಚ್ಚಿನವರು ಕಿಟಕಿಯ ಕಡೆ ತಿರುಗುತ್ತಾರೆ. ತಮ್ಮ ಮೈಯನ್ನು ಅಷ್ಟು ಹತ್ತಿರದಿಂದ ಬಲ್ಲವಳ ಪರಿಚಯ ನಾಲ್ಕು ಜನರ ಎದುರು ಯಾಕೆ ಬೇಕು?

ನಳಿನಾಕ್ಷಿಗೇ ಹೊಟ್ಟೆ ಇದೆ. ಕೈಕಾಲು ಬಡಕಲು, ಹೊಟ್ಟೆ ಮಾತ್ರ ಮುಂದೆ. ಕಳೆದ ತಿಂಗಳು ಲೇಡೀಸ್ ಡಬ್ಬದಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು, ಬೈಠೋ ಆಂಟಿ, ಎಷ್ಟನೇ ತಿಂಗಳು ಎಂದು ಹಿಂದಿಯಲ್ಲಿ ಕೇಳಿದಳಂತೆ.

"ಆರು ಅಂದೆ," ಎನ್ನುತ್ತಾರೆ ಮುಖದ ಒಂದು ಗೆರೆಯೂ ಅಲುಗದೆ. "ಕಲ್ಯಾಣದವರೆಗೆ ಕೂತೇ ಹೋದೆ."

ಹಾಸ್ಯಕ್ಕೆ ಹೇಳಿದ ಈ ಮಾತಿನ ಹಿಂದೆ ಹಾಸ್ಯವಿಲ್ಲ. ಎರಡು ವರ್ಷದ ಹಿಂದೆ ಮುನ್ಸಿಪಾಲಿಟಿ ಆಸ್ಪತ್ರೆಯ ಡಾಕ್ಟರಮ್ಮ ಅವರನ್ನು ಪರೀಕ್ಷಿಸಿ, ಗರ್ಭಕೋಶ ಜಾರಿ ಕೆಳಗೆ ಬಂದಿದೆ, ಆಪರೇಷನ್ ಮಾಡಲೇಬೇಕು ಎಂದಿದ್ದಾರೆ. ಆಪರೇಷನ್ ಆದ ಮೇಲೆ ಬಕೆಟ್ ಎತ್ತುವಂತಿಲ್ಲ, ಮೈಭಾರ ಹಾಕಿ ತಿಕ್ಕುವಂತಿಲ್ಲ, ಈ ಕೆಲಸ ಅಲ್ಲಿಗೆ ಮುಗಿಯಿತು ಎಂದೂ ಹೇಳಿದ್ದಾರೆ. ಮೂರು ಸಲ ತಾರೀಕು ಕೊಟ್ಟರು. ಮೂರು ಸಲವೂ ನಳಿನಾಕ್ಷಿ ಹೋಗಲಿಲ್ಲ. ಹೋದರೆ ಕೆಲಸ ಹೋಗುತ್ತದೆ. ಹೋಗದಿದ್ದರೆ ಒಳಗಿನದು ದಿನಕ್ಕಿಷ್ಟು ಜಾರುತ್ತದೆ. ಬಕೆಟ್ ಎತ್ತುವ ಮೊದಲು ಕಾಲು ಜೋಡಿಸಿ ಹಲ್ಲು ಕಚ್ಚುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದಾರೆ. ಯಾವ ಮನೆಯವರಿಗೂ ಈ ವಿಷಯ ಹೇಳಿಲ್ಲ.

ಕಾರ್ಕಳದ ಕಡೆಯ ನಳಿನಾಕ್ಷಿ ಗುರುವಪ್ಪನವರ ಕೈ ಹಿಡಿದು ಇಲ್ಲಿಗೆ ಬಂದದ್ದು ೧೯೮೫ರಲ್ಲಿ. ಗುರುವಪ್ಪ ಆಗ ಉಲ್ಹಾಸನಗರದ ಹೋಟೆಲೊಂದರಲ್ಲಿ ದೋಸೆ ಹಂಚಿನ ಮುಂದೆ ನಿಲ್ಲುತ್ತಿದ್ದರು. ಈಗ ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ನಳಿನಾಕ್ಷಿ ಮನೆಯ ಹತ್ತಿರದ ಹೊಲಿಗೆ ಖಾನೆಯಲ್ಲಿ ಪ್ಯಾಂಟಿಗೆ ಗುಂಡಿ ಹಚ್ಚುತ್ತಿದ್ದರು. ಡೊಂಬಿವಲಿಯ ಚಾಳಿನ ಒಂದು ಕೋಣೆಗೆ ಬಂದ ಮೇಲೆ ಪಕ್ಕದ ಖೋಲಿಯ ಸುಂದರಿ ಎಂಬ ಹಿರಿಯ ಹೆಂಗಸು ಬಾಣಂತಿ ಮೀಯಿಸುವ ಕೆಲಸಕ್ಕೆ ಜೊತೆಗೆ ಕರೆದೊಯ್ದರು. ಬೆರಳಿಟ್ಟು ಅಳೆಯುವುದು, ಪಟ್ಟಿ ಕಟ್ಟುವುದು, ಎಷ್ಟನೇ ದಿನ ನಡೆಯಲು ಬಿಡಬೇಕು, ಯಾವಾಗ ಮೆಟ್ಟಿಲು ಹತ್ತಿಸಬೇಕು, ಎಲ್ಲವೂ ಸುಂದರಿಯವರು ಕೈ ಹಿಡಿದು ಕಲಿಸಿದ್ದು. ಸುಂದರಿ ಹೋಗಿ ಹತ್ತು ವರ್ಷವಾಯಿತು. ಅವರ ಹೆಸರೂ ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಪತ್ರಿಕೆಗಳಿಗೆ ಬೇರೆ ಕೆಲಸವಿದೆ. ಹೆತ್ತು ಮೂರೇ ತಿಂಗಳಲ್ಲಿ ಚಪ್ಪಟೆ ಹೊಟ್ಟೆ ಎಂದು ಈ ಬರಹ ಬರುವಂಥ ಪುರವಣಿಗಳಲ್ಲೇ ಬಣ್ಣದ ಚಿತ್ರ ಬರುತ್ತದೆ. ಬರೆದವರು ಯಾರೂ ಬಾಣಂತಿಗೆ ಒಂದು ಚೊಂಬು ನೀರು ಹೊಯ್ದವರಲ್ಲ. ಆ ಪುಟವನ್ನು ಅತ್ತೆ ಓದುತ್ತಾಳೆ, ಗಂಡ ಓದುತ್ತಾನೆ, ಆಫೀಸಿನವರು ಓದುತ್ತಾರೆ. ಆಮೇಲೆ ಎಲ್ಲರ ಕಣ್ಣೂ ಬಂದು ಬೀಳುವುದು ಈಗಷ್ಟೇ ಒಂದು ಜೀವವನ್ನು ಹೊತ್ತು ಇಳಿಸಿದ ಹೊಟ್ಟೆಯ ಮೇಲೆ. ಗಗನಾಳ ಮನೆಯಲ್ಲಿ ತೂಕದ ಯಂತ್ರವನ್ನು ತೊಟ್ಟಿಲಿನ ಪಕ್ಕದಲ್ಲೇ ಇಟ್ಟಿದ್ದಾರೆ. ಅದರ ಮೇಲೆ ಮಗುವನ್ನಲ್ಲ, ತಾಯಿಯನ್ನು ನಿಲ್ಲಿಸುತ್ತಾರೆ. ನಾಮಕರಣದ ಫೋಟೋ ನೋಡಿದ ಗೆಳತಿಯೊಬ್ಬಳು, ಇನ್ನೊಂದು ಒಳಗೇ ಉಳಿದಿದೆಯಾ ಎಂದು ಬರೆದಳಂತೆ. ಆಫೀಸು ಐರೋಲಿಯಲ್ಲಿ. ರಜೆ ಹನ್ನೆರಡೇ ವಾರ. ಹೆರಿಗೆಯ ಮುಂಚೆಯೇ ಅದರಲ್ಲಿ ಎರಡು ವಾರ ಕರಗಿದೆ.

ಇಪ್ಪತ್ತೊಂಬತ್ತನೇ ದಿನ ನಳಿನಾಕ್ಷಿ ಹತ್ತು ನಿಮಿಷ ಮೊದಲೇ ಬರುತ್ತಾರೆ. ಒಳಕೋಣೆಯಲ್ಲಿ ಗಗನಾ ಪಟ್ಟಿ ಬಿಚ್ಚಿ ಎಸೆದು, ಫೋನಿನಲ್ಲಿ ವಿಡಿಯೊ ಹಚ್ಚಿಕೊಂಡು, ತಲೆಯ ಹಿಂದೆ ಕೈ ಕಟ್ಟಿ ಎದ್ದು ಮಲಗಿ, ಎದ್ದು ಮಲಗಿ ಕಸರತ್ತು ಮಾಡುತ್ತಿದ್ದಾಳೆ. ಪ್ರತಿ ಸಲ ಎದ್ದಾಗಲೂ ಹೊಟ್ಟೆಯ ನಟ್ಟನಡುವೆ ಉದ್ದಕ್ಕೊಂದು ದಿಣ್ಣೆ ಏಳುತ್ತದೆ. ಕೂಡಿಕೊಳ್ಳುತ್ತಿರುವ ಸಂದಿಯನ್ನು ಒಳಗಿನಿಂದ ತಳ್ಳಿ ಬಿಡಿಸುವ ದಿಣ್ಣೆ ಅದು. ನಳಿನಾಕ್ಷಿ ಹೋಗಿ ಭುಜ ಹಿಡಿದು ನಿಲ್ಲಿಸುತ್ತಾರೆ. ಒಂದು ತಿಂಗಳು ಕಟ್ಟಿದ್ದನ್ನು ಒಂದು ಬೆಳಗಿನಲ್ಲಿ ಕೀಳುತ್ತೀಯಾ ಎಂದು ಗದರುತ್ತಾರೆ.

ಗಗನಾ ಅಳುತ್ತಲೇ ತಿರುಗಿ ಬೀಳುತ್ತಾಳೆ. "ಇನ್ನಾರು ವಾರಕ್ಕೆ ನಾನು ಆಫೀಸಿಗೆ ಹೋಗ್ಬೇಕು ಆಂಟಿ. ಒಂದು ಪ್ಯಾಂಟೂ ಹಿಡಿಸ್ತಿಲ್ಲ. ನೀವು ಕಟ್ಟಿದ್ದೇ ಕಟ್ಟಿದ್ದು, ಏನು ಇಳೀತು? ಮೊದಲು ನಿಮ್ಮ ಹೊಟ್ಟೆ ನೋಡ್ಕೊಳ್ಳಿ."

ಎರಡು ವರ್ಷ ಬಾಯಿ ಬಿಡದ ನಳಿನಾಕ್ಷಿ ಅವತ್ತು ಬಾಯಿ ಬಿಡುತ್ತಾರೆ. ಮಾತಾಡುವ ಮೊದಲು ಅದೇ ಚಾಪೆಯ ಮೇಲೆ ಮಲಗಿ, ಮಂಡಿ ಮಡಚಿ, ತಲೆ ಎತ್ತಿ, ಕೈ ಇಡು ಎನ್ನುತ್ತಾರೆ. ಗಗನಾ ಬೆರಳಿಡುತ್ತಾಳೆ. ನಾಲ್ಕು ಬೆರಳೂ ಇಳಿಯುತ್ತವೆ, ಹೆಬ್ಬೆರಳೂ ಇಳಿಯುತ್ತದೆ. ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ.

"ಮೊದಲನೆಯದು ಹೆತ್ತು ಒಂಬತ್ತನೇ ದಿನ ಖಾನೆಗೆ ಹೋದೆ," ಎನ್ನುತ್ತಾರೆ ನಳಿನಾಕ್ಷಿ. "ಸೇಟು ನೋಡಿ ನಗಾಡಿದ, ಇನ್ನೂ ಹೆರಲಿಲ್ವಾ ಅಂತ. ಮರ್ಯಾದೆ ಹೋಯ್ತು. ಮಾರನೇ ದಿನದಿಂದ ನಾನೇ ಕಟ್ಟಿಕೊಂಡೆ. ಮಲಗಿಸಿ ಕಟ್ಟುವವರು ಯಾರಿದ್ದರು? ಬಾಗಿಲ ಚಿಲಕಕ್ಕೆ ಸೀರೆ ತುದಿ ಗಂಟು ಹಾಕಿ, ನಿಂತುಕೊಂಡು, ಗಿರಗಿರ ತಿರುಗಿ ಸುತ್ತಿಕೊಂಡದ್ದು. ಮೇಲಿಂದ ಕೆಳಗೆ. ಉಸಿರು ಕಟ್ಟುವ ಹಾಗೆ ಬಿಗಿ. ಅದರ ಮೇಲೆ ನಳ್ಳಿಯಿಂದ ಕೊಡ ಹೊತ್ತು ಮಹಡಿ ಹತ್ತಿದೆ. ಎರಡನೆಯದಕ್ಕೂ ಹಾಗೇ ಮಾಡಿದೆ. ಹೊರಗೆ ಚಂದ ಕಂಡಿತು ಮಗಾ. ಒಳಗಿದ್ದದ್ದು ಎಲ್ಲಿಗೆ ಹೋಗಬೇಕು? ಕೆಳಗೆ ಬಂತು."

ಸುಂದರಿಯವರಿಂದ ಸರಿಯಾದ ಕಟ್ಟು ಕಲಿತದ್ದು ಅದಾಗಿ ಎರಡು ವರ್ಷದ ಮೇಲೆ. ಅಷ್ಟರಲ್ಲಿ ಅವರ ಪಾಲಿಗೆ ತಡವಾಗಿತ್ತು. ಬೇರೆಯವರ ಪಾಲಿಗೆ ಆಗಿರಲಿಲ್ಲ.

ಗಗನಾ ಫೋನು ಆರಿಸಿ ತಾನೇ ಮಲಗುತ್ತಾಳೆ. ಅವತ್ತು ಪಟ್ಟಿ ಕಟ್ಟುವಾಗ ಪ್ರತಿ ಸುತ್ತಿಗೂ ತಾನಾಗಿ ಉಸಿರು ಬಿಡುತ್ತಾಳೆ. ಆದರೆ ಬಾಗಿಲ ಆಚೆ ಅತ್ತೆ ಭಾಗೀರಥಿಯಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮಾರನೇ ಬೆಳಿಗ್ಗೆ ಭಾಗೀರಥಿಯಮ್ಮ ಬಾಗಿಲಲ್ಲೇ ತಡೆಯುತ್ತಾರೆ. ಒರಟಾಗಿ ಅಲ್ಲ; ಮೈಸೂರಿನ ಮನೆತನ, ಒರಟು ಗೊತ್ತಿಲ್ಲ. "ತಪ್ಪು ತಿಳ್ಕೋಬೇಡಿ ನಳಿನಾಕ್ಷಿ. ಹಸುಗೂಸನ್ನ ಕಾಲ ಮೇಲೆ ಹಾಕ್ಕೊಂಡು ನೀರು ಹೊಯ್ತೀರಿ. ನಿಮಗೆ ಏನಾದ್ರೂ ಆಗಿ ಕೈ ಜಾರಿದ್ರೆ? ಸ್ವಲ್ಪ ಗಟ್ಟಿಮುಟ್ಟಾಗಿರೋರು ಒಬ್ಬರು ಸಿಕ್ಕಿದ್ದಾರೆ." ಇಪ್ಪತ್ತೆರಡು ವರ್ಷದಲ್ಲಿ ಒಂದು ಕೂಸೂ ಜಾರದ ಕೈ. ಸೊಸೆಯ ಹೊಟ್ಟೆ ಒಂದೂವರೆ ಬೆರಳು ಕೂಡಿಸಿದ ಕೈ. ಆ ಕೈಯಿಂದ ಕಂಬಿ ಹಿಡಿದು ನಳಿನಾಕ್ಷಿ ಮೆಟ್ಟಿಲು ಇಳಿಯುತ್ತಾರೆ. ಗಗನಾ ಒಳಗಿನಿಂದ ಹೊರಗೆ ಬರುವುದಿಲ್ಲ.

ಡೊಂಬಿವಲಿಯ ಎರಡು ಮನೆಗಳಲ್ಲಿ ಒಂದು ಭಾಗೀರಥಿಯಮ್ಮನವರ ತಂಗಿಯ ಮಗಳದು. ಅಲ್ಲಿಂದ ಸಂಜೆಯೇ ಫೋನು ಬರುತ್ತದೆ. ಕಲ್ಯಾಣದ ಮನೆಯವರು ಎರಡು ದಿನ ಕಾದು ಬೇಡವೆನ್ನುತ್ತಾರೆ. ಉಳಿದ ಒಂದು ಮನೆಯ ನಲವತ್ತು ದಿನ ಆ ವಾರವೇ ಮುಗಿಯುತ್ತದೆ. ಈ ಕೆಲಸದಲ್ಲಿ ಸುದ್ದಿ ಹೋಗುವುದು ಒಂದು ಬಾಯಿಂದ ಇನ್ನೊಂದಕ್ಕೆ. ಕೆಲಸ ಬರುವ ದಾರಿಯೂ ಅದೇ, ಹೋಗುವ ದಾರಿಯೂ ಅದೇ. ಕೆಲಸದಿಂದಲೇ ಕೆಟ್ಟ ಮೈ, ಕೆಟ್ಟಿದೆ ಎಂದು ಗೊತ್ತಾದ ದಿನ ಕೆಲಸಕ್ಕೆ ಬೇಡವಾಗುತ್ತದೆ. ಇದನ್ನು ಅನ್ಯಾಯ ಎಂದು ಕರೆಯಲು ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಆಪರೇಷನ್ನಿಗೆ ನಾಲ್ಕನೇ ಸಲದ ತಾರೀಕು ಗುರುವಾರಕ್ಕೆ ಸಿಕ್ಕಿದೆ. ಹಿಂದಿನ ದಿನ ಬಂದು ಸೇರಬೇಕು. ಬುಧವಾರ ಆಸ್ಪತ್ರೆಯ ಬೆಂಚಿನ ಮೇಲೆ ನಳಿನಾಕ್ಷಿ, ಪಕ್ಕದಲ್ಲಿ ರಜೆ ಹಾಕಿ ಬಂದ ಗುರುವಪ್ಪ. ಒಪ್ಪಿಗೆಯ ಕಾಗದಕ್ಕೆ ಸಹಿ ಆಗಿದೆ. ಮತ್ತೆ ಬಕೆಟ್ ಹಿಡಿಯಬಾರದು ಎಂದು ಡಾಕ್ಟರಮ್ಮ ಇನ್ನೊಮ್ಮೆ ಹೇಳಿ ಹೋಗಿದ್ದಾರೆ. ಅಷ್ಟರಲ್ಲಿ ಫೋನು. ಗಗನಾ. ಅತ್ತೆಗೆ ಕೇಳಿಸದಂತೆ ಬಚ್ಚಲಿನಿಂದ ಪಿಸುಗುಟ್ಟುತ್ತಿದ್ದಾಳೆ. ಹೊಸಬಳು ನಿಲ್ಲಿಸಿಯೇ ಕಟ್ಟುತ್ತಾಳಂತೆ, ಎದೆಯ ಕೆಳಗಿನಿಂದ ಶುರುಮಾಡಿ ಕೆಳಕ್ಕೆ. ಕೆಮ್ಮಿದರೆ ಕೆಳಗೆ ಏನೋ ಭಾರ ಇಳಿದಂತಾಗುತ್ತದಂತೆ. ಹೇಳಿದರೆ ಅತ್ತೆ ನಂಬುವುದಿಲ್ಲವಂತೆ, ಹೊಟ್ಟೆ ಚೆನ್ನಾಗಿ ಒಳಗೆ ಹೋಗಿದೆ ಎನ್ನುತ್ತಾರಂತೆ.

"ಫೋನ್ ಇಡು ನೀನು," ಎನ್ನುತ್ತಾರೆ ಗುರುವಪ್ಪ. "ಬಾಗಿಲಿಂದ ಓಡಿಸಿದವರಿಗೆ ನಿಂದೆಂತ ಉಪಚಾರ?"

ನಳಿನಾಕ್ಷಿ ಇಡುವುದಿಲ್ಲ. ಮೊದಲು ಬಿಚ್ಚು, ಕೋಣೆಗೆ ಹೋಗಿ ಚಿಲಕ ಹಾಕಿಕೊ, ಮಲಗು ಎನ್ನುತ್ತಾರೆ. ಸೊಂಟದ ಮೂಳೆ ಯಾವುದು ಎಂದು ಕೈಯಿಟ್ಟು ಹುಡುಕಿಸುತ್ತಾರೆ. ಮಲಗಿದಲ್ಲೇ ಸೊಂಟ ಎತ್ತಿ ಪಟ್ಟಿಯನ್ನು ಅಡಿಯಿಂದ ದಾಟಿಸುವುದು ಹೇಗೆ, ಯಾವ ಸುತ್ತಿಗೆ ಉಸಿರು ಬಿಡಬೇಕು, ಒಂದೊಂದನ್ನೂ ಹೇಳುತ್ತಾರೆ. ನರ್ಸು ಬಂದು ಹೆಸರು ಕೂಗುತ್ತಾಳೆ. ಎರಡು ನಿಮಿಷ ಎಂದು ಕೈ ತೋರಿಸುತ್ತಾರೆ. ಎರಡಲ್ಲ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕೊನೆಗೆ ಎದ್ದು ನಿಂತು ಕೆಮ್ಮಿ ನೋಡು ಎನ್ನುತ್ತಾರೆ. ಆ ಕಡೆ ಕೆಮ್ಮು ಕೇಳಿಸುತ್ತದೆ. ಭಾರ ಬಂತಾ ಎಂದರೆ ಇಲ್ಲ ಎನ್ನುತ್ತಾಳೆ. ಭಾರ ಮತ್ತೆ ಬಂದರೆ ಯಾರನ್ನೂ ಕೇಳದೆ ಡಾಕ್ಟರ ಹತ್ತಿರ ಹೋಗು, ಅತ್ತೆ ಬೈದರೆ ಬೈಯಲಿ, ಎಂದು ನಳಿನಾಕ್ಷಿ ಎರಡು ಸಲ ಹೇಳುತ್ತಾರೆ. ಗಗನಾ, ಆಂಟಿ ಅವತ್ತು ನಾನು, ಎಂದು ಏನೋ ಶುರುಮಾಡುತ್ತಾಳೆ. ಮಗು ಅತ್ತ ಸದ್ದಾಗಿ ಫೋನು ಕಟ್ಟಾಗುತ್ತದೆ.

ಅವಳಿಂದ ಒಂದು ಕ್ಷಮೆಯ ಮಾತಾದರೂ ಬೇಡವೇ ಎಂದು ಕೇಳಿದರೆ ನಳಿನಾಕ್ಷಿ ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಗುರುವಪ್ಪನವರ ಕೈಯಿಂದ ಕಾಗದ ತೆಗೆದುಕೊಂಡು, ವಾರ್ಡಿನ ಬಾಗಿಲ ಕಡೆ ಹೋಗುತ್ತ ಹೇಳುತ್ತಾರೆ:

"ಬರುವ ತಿಂಗಳು ಅವಳು ಲೋಕಲ್ ಹಿಡೀಲಿಕ್ಕೆ ಓಡ್ತಾಳೆ. ಮಗು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ, ಸೀನ್ತಾಳೆ, ನಗಾಡ್ತಾಳೆ. ಅವಳಿಗೆ ಏನೂ ಆಗುದಿಲ್ಲ. ಏನೂ ಆಗಲಿಲ್ಲ ಅಂತ ಅವಳಿಗೆ ಗೊತ್ತೂ ಆಗುದಿಲ್ಲ. ಗೊತ್ತಾಗದ ಹಾಗೆ ಕಟ್ಟಿದ್ದೇನೆ ನಾನು."